ಅಲುಗದವರ ಮಂಟಪಕ್ಕೆ ಸೆನ್ಸರ್ ದೀಪ

"ಎಲ್ಲಿಗೆ ಬಂದಿದ್ದೆ ನಾ?"

ಗಂಗಾಬಾಯಿ ಅತ್ತೆ ಕೇಳಿದ್ದು ಕತ್ತಲನ್ನು, ನಮ್ಮನ್ನಲ್ಲ. ಶ್ರಾವಣದ ಪುರಾಣ ನಡೆದಿತ್ತು. ಪದ್ಯದ ನಟ್ಟನಡುವೆ ಕರೆಂಟ್ ಹೋಗಿ, ನಮ್ಮೂರು ಮಟಕಿಯ ಮಂಟಪದಲ್ಲಿ ಕೂತವರ ಮುಖಗಳೂ ಅವಳ ಮುಂದಿನ ವ್ಯಾಸಪೀಠದ ಮೇಲಿದ್ದ ಪುಸ್ತಕವೂ ಒಂದೇ ಬಣ್ಣಕ್ಕೆ ತಿರುಗಿದ್ದವು.

ಎಲ್ಲಿಗೆ ಬಂದಿದ್ದಳೆಂಬುದು ನನಗೆ ಗೊತ್ತಿತ್ತು. ಸಾಲು ಗೊತ್ತಿತ್ತು, ಸಾಲಿನಲ್ಲಿ ಯಾವ ಪದ ಎಂಬುದೂ ಗೊತ್ತಿತ್ತು. ಅವಳು ನನ್ನ ತಂದೆಯ ಅಕ್ಕ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ, ಆ ಗೋಡೆಯಾಚೆಯಿಂದ ಬೆಳಗಿನ ಪೂಜೆಯ ಹೊತ್ತಿಗೆ ಬರುತ್ತಿದ್ದ ಪದ್ಯಗಳನ್ನು ಕೇಳಿಕೊಂಡೇ ನಾನು ಎದ್ದದ್ದು, ಬೆಳೆದದ್ದು. ಬಾಯಿ ತೆರೆದು ಆ ಒಂದು ಪದ ಹೇಳಿದ್ದರೆ ಅವಳು ಅಲ್ಲಿಂದ ಎತ್ತಿಕೊಳ್ಳುತ್ತಿದ್ದಳೋ ಏನೋ. ನಾನು ಹೇಳಲಿಲ್ಲ. ಗಿರಣಿ ಶಿವಪ್ರಕಾಶ ಮಾತಾಡುವವನಲ್ಲ, ಕೇಳುವವನು ಎಂದು ಊರು ನನಗೊಂದು ಹೆಸರು ಕೊಟ್ಟಿದೆ. ದಿನವೆಲ್ಲ ಜೋಳ ಬೀಸುವ ಗಿರಣಿಯ ಗದ್ದಲದಲ್ಲಿ ನಿಂತಿರುವವನು, ಅಲ್ಲಿ ಮಾತಾಡಿದರೂ ಯಾರಿಗೆ ಕೇಳಬೇಕು! ಆದರೆ ಜನ ಅದನ್ನು ಮೌನವ್ರತ ಎಂದುಕೊಂಡರು, ನಾನೂ ಹಾಗೆಯೇ ಅಂದುಕೊಂಡೆ. ಕತ್ತಲಲ್ಲಿಯೂ ಆ ಹೆಸರಿಗೆ ಕುಂದು ಬರಬಾರದೆಂದು ಸುಮ್ಮನೆ ಕೂತೆ.

ನಮ್ಮ ಮಂಟಪದ ಕಟ್ಟಳೆಯನ್ನು ಇಲ್ಲಿ ಹೇಳದೆ ಮುಂದೆ ಹೋಗುವಂತಿಲ್ಲ. ಪದ್ಯ ಓದುತ್ತಿರುವಾಗ ಕೇಳುವವರು ಅಲುಗಬಾರದು. ಬೀಸಣಿಕೆ ಬೀಸಬಾರದು, ಕಾಲು ಮಡಚಿದ್ದರೆ ಚಾಚಬಾರದು, ಸೊಳ್ಳೆ ಕಚ್ಚಿದರೆ ಕಚ್ಚಿಸಿಕೊಳ್ಳಬೇಕು. ಇದು ಅತ್ತೆಯ ತಂದೆ, ಅಂದರೆ ನನ್ನ ಅಜ್ಜ ಮಾಡಿದ ಕಟ್ಟಳೆ. ಅತ್ತೆ ಒಂದು ಪದ್ಯವನ್ನು ರಾಗ ಎಳೆದು, ಬಿಡಿಸಿ, ಮತ್ತೆ ಕೂಡಿಸಿ ಓದಿ ಮುಗಿಸುವಷ್ಟರಲ್ಲಿ ಒಲೆಯ ಮೇಲಿಟ್ಟ ಚಹಾ ಕುದಿದು ಉಕ್ಕುತ್ತದೆ. ಅಷ್ಟು ಹೊತ್ತು ಎಲ್ಲರೂ ಕಲ್ಲು. ಪದ್ಯ ಮುಗಿದು "ಹರಹರ" ಎಂದ ಕೂಡಲೇ ಇಡೀ ಮಂಟಪ ಒಟ್ಟಿಗೇ ತುರಿಸಿಕೊಳ್ಳುತ್ತದೆ. ಆ ಸದ್ದು ಒಣ ತೊಗರಿಯ ಹೊಲದಲ್ಲಿ ಗಾಳಿ ಹೊಕ್ಕಂತಿರುತ್ತದೆ.

ನಾನು ಮಾತ್ರ ಹರಹರ ಎಂದ ಮೇಲೂ ತುರಿಸಿಕೊಳ್ಳುತ್ತಿರಲಿಲ್ಲ. ಒಮ್ಮೆ ತೊಲೆಯಿಂದ ಹಲ್ಲಿ ಹೆಗಲ ಮೇಲೆ ಬಿದ್ದು, ಸ್ವಲ್ಪ ಹೊತ್ತು ವಿಶ್ರಮಿಸಿ, ತಾನಾಗಿಯೇ ಇಳಿದು ಹೋಗಿತ್ತು. ಆಮೇಲೆ ತಾಯಂದಿರು ಮಕ್ಕಳಿಗೆ ನನ್ನನ್ನು ತೋರಿಸತೊಡಗಿದರು. "ಶಿವಪ್ರಕಾಶಣ್ಣನ ಕಡೆ ನೋಡು, ಹೆಂಗ ಕುಂತಾನ." ಈ ಮಾತು ನನ್ನ ಕಿವಿಗೆ ಬಿದ್ದಾಗಲೆಲ್ಲ ಬೆನ್ನು ಇನ್ನಷ್ಟು ನೆಟ್ಟಗಾಗುತ್ತಿತ್ತು. ನನ್ನ ಹೆಂಡತಿ ಭಾಗ್ಯಜ್ಯೋತಿಯ ಅಭಿಪ್ರಾಯ ಬೇರೆ. "ಮನ್ಯಾಗೂ ಹಂಗೇ ಕುಂಡ್ರತಾರಬೇ," ಎಂದು ಅವಳು ಹೆಂಗಸರ ಸಾಲಿನಲ್ಲಿ ಹೇಳುತ್ತಿದ್ದಳಂತೆ. "ಸಿಲಿಂಡರ್ ಮುಗದದ ಅಂದ್ರೂ ಏಳಂಗಿಲ್ಲ."

ಆ ಸಂಜೆ ಮೊದಲು ಮಾತಾಡಿದವರು ಶಾಂತಲಿಂಗಪ್ಪ ಸಾವುಕಾರರು. ಮಂಟಪದ ಕಮಿಟಿಗೆ ಅವರೇ ಹಿರಿಯರು. ಕೆಟ್ಟ ಮನುಷ್ಯರಲ್ಲ, ಆದರೆ ಹೊಸ ಸಾಮಾನು ಕಂಡರೆ ಅವರಿಗೆ ಊರನ್ನು ಸುಧಾರಿಸುವ ಹುಕಿ ಬರುತ್ತದೆ. ಮೊಬೈಲಿನ ಟಾರ್ಚ್ ಹಚ್ಚಿ, ಅದನ್ನು ಗದ್ದದ ಕೆಳಗೆ ಹಿಡಿದುಕೊಂಡು ಹೇಳಿದರು.

"ನೋಡ್ರೆಪಾ, ಯಾರ ಮನಸ್ಸೂ ನೋಯಿಸಾಕ ಹೇಳಾಕತ್ತಿಲ್ಲ ನಾ. ಕೊಳಕೂರದಾಗ ನಮ್ಮ ಬೀಗರ ಓಣ್ಯಾಗ ಸ್ಪೀಕರಿನಾಗ ಪುರಾಣ ಹಚ್ಚತಾರ. ಅದರ ಹೊಟ್ಟ್ಯಾಗ ಬ್ಯಾಟರಿ ಇರ್ತದ. ಕರೆಂಟ್ ಹೋಗ್ಲಿ ಬರ್ಲಿ, ಅದರ ಪಾಡಿಗೆ ಅದು ಓದ್ತದ. ಅದಕ್ಕ ಕನ್ನಡಕ ಬ್ಯಾಡ, ನಡುನಡುವ ನೀರು ಬ್ಯಾಡ."

"ನಾಚಿಗೀನೂ ಬ್ಯಾಡ," ಎಂದಳು ಅತ್ತೆ.

"ಸಿಟ್ಟಾಗಬ್ಯಾಡ್ರಿ ಅಕ್ಕಾ. ಪದ್ಯ ಅರ್ಧಕ್ಕ ನಿಂತ್ರ ಊರಿಗಿ ಚಲೋ ಅಲ್ಲ ಅಂತ ನಿಮ್ಮಪ್ಪಾರೇ ಹೇಳ್ತಿದ್ರಲ್ಲ? ರಾಗ ಎಷ್ಟರೆ ಎಳೀರಿ, ನಿಲ್ಲಿಸಬ್ಯಾಡ್ರಿ ಅಂತಿದ್ರು. ಸೋಮವಾರ ತನಕ ನೋಡಮು. ಸೋಮವಾರ ಮತ್ತ ಹಿಂಗ ಅರ್ಧಕ್ಕ ನಿಂತ್ರ ಸ್ಪೀಕರ್ ಹಚ್ಚಿಬಿಡಮು."

ಟಾರ್ಚಿನ ಬೆಳಕಿನ ಅಂಚಿನಲ್ಲಿ ಅತ್ತೆಯ ಕೈ ಪುಸ್ತಕಕ್ಕೆ ಸುತ್ತುವ ವಸ್ತ್ರವನ್ನು ಹುಡುಕುತ್ತಿತ್ತು. ವಸ್ತ್ರ ಅವಳ ಮಡಿಲಲ್ಲೇ ಇತ್ತು. ಅವಳ ಅಪ್ಪ ಹೋದ ಮೇಲೆ, ಹೆಣ್ಣುಮಗಳು ಪುರಾಣ ಓದುವುದೇ ಎಂದು ಕೇಳಿದವರ ಎದುರು ಓದಿ ಓದಿಯೇ ಆ ಜಾಗ ಗಳಿಸಿದ್ದಳು. ವ್ಯಾಸಪೀಠದ ಹಿಂದಿನ ಆ ಒಂದು ಚಾಪೆ ಹೋದರೆ, ಶ್ರಾವಣದ ಸಂಜೆ ಅವಳು ಎಲ್ಲಿ ಕೂರಬೇಕು? ನಮ್ಮ ಜೊತೆ ಕೂತು ಡಬ್ಬಿಯನ್ನು ಕೇಳಬೇಕೆ?

"ದೀಪದ ವ್ಯವಸ್ಥಾ ನಂದು," ಎಂದಿತು ಒಂದು ದನಿ.

ಸಾವುಕಾರರು ಟಾರ್ಚನ್ನು ಅತ್ತ ಇತ್ತ ತಿರುಗಿಸಿದರು. "ಯಾರದು? ಹೊರಗಿನವರು ಬಂದಾರೇನು?"

"ನಾನ್ರಿ. ಶಿವಪ್ರಕಾಶ."

ನನ್ನ ದನಿ ಊರಿಗೆ ಗುರುತು ಸಿಗದಷ್ಟು ಅಪರೂಪವೆಂದು ಮನೆಗೆ ಹೋಗುವ ದಾರಿಯುದ್ದಕ್ಕೂ ಹಿಗ್ಗಿದೆ.

ಮರುದಿನ ಗಿರಣಿಗೆ ಬೀಗ ಹಾಕಿ ಆಳಂದಕ್ಕೆ ಹೊರಟೆ. ಭಾಗ್ಯಜ್ಯೋತಿ ತಾನೂ ಬರುತ್ತೇನೆಂದು ಚಪ್ಪಲಿ ಮೆಟ್ಟಿದ್ದಳು. ಇದು ಮಂಟಪದ ಕೆಲಸ, ಸಂತೆಯಲ್ಲ ಎಂದೆ.

"ಬ್ಯಾಟರಿ ಎಷ್ಟೊತ್ತು ತಾಳ್ತದ ಕೇಳ್ರಿ. ಕೆಟ್ರ ಯಾರು ರಿಪೇರಿ ಮಾಡ್ತಾರ ಕೇಳ್ರಿ. ಒಂದಾರ ಮಾತು ಬಾಯಿ ಬಿಟ್ಟು ಕೇಳ್ರಿ. ಅವ ಹೇಳಿದ್ದಕ್ಕೆಲ್ಲ ಗೋಣು ಹಾಕಿ ಬರಬ್ಯಾಡ್ರಿ."

ಅದಕ್ಕೂ ಗೋಣು ಹಾಕಿಯೇ ಬಸ್ಸು ಹತ್ತಿದೆ.

ಸಲಾವುದ್ದೀನನ ಎಲೆಕ್ಟ್ರಿಕ್ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿದೆ. ನನ್ನ ಗಿರಣಿಯ ಮೋಟರು ಸುಟ್ಟಾಗಲೆಲ್ಲ ಅವನೇ ಗತಿ. ಅವನಿಗೆ ಮಾತೆಂದರೆ ಪ್ರಾಣ. ನಾನು ಸ್ಟೂಲಿನ ಮೇಲೆ ಕೂತು ವಿಷಯ ಹೇಳಿದ್ದೇ ತಡ, ಕಪಾಟಿನಿಂದ ಒಂದೊಂದೇ ಡಬ್ಬಿ ಇಳಿಸಿದ.

"ದೇಖೋ ಗಿರಣಿ ಅಣ್ಣಾ, ಇದು ಎಮರ್ಜೆನ್ಸಿ ಬಲ್ಬು. ಕರೆಂಟ್ ಇದ್ದಾಗ ಮಾಮೂಲಿ ಬಲ್ಬಿನಂಗ ಉರೀತದ, ಒಳಗ ಚಾರ್ಜೂ ಆಗ್ತದ. ಕರೆಂಟ್ ಹೋತು ಅನ್ರಿ, ಕಣ್ಣ ಮಿಟುಕಿಸೋದ್ರಾಗ ಬ್ಯಾಟರಿ ಮ್ಯಾಲ ಬರ್ತದ. ಹೋಲ್ಡರಿಗಿ ಹಾಕ್ರಿ, ಮರತಬಿಡ್ರಿ. ಮನಿಗಿ ಏಕ್ದಮ್ ಬರಾಬರ್. ದೊಡ್ಡ ಮಂಟಪಕ್ಕ ಬೆಳಕ ಸಾಲಂಗಿಲ್ಲ. ಇದು ಟ್ಯೂಬು. ಬೆಳಕ ಜಾಸ್ತಿ, ಖರೇ, ಆದ್ರ ಹಂಗೇ ಉರಿಯಾಕ ಬಿಟ್ರ ಪುರಾಣ ಮುಗಿಯೋತನಕ ಬ್ಯಾಟರಿ ತಾಳ್ತದೋ ಇಲ್ಲೋ, ಅಲ್ಲಾಗೇ ಗೊತ್ತು."

ಬೆಳಕಿನ ಬಣ್ಣದಲ್ಲಿಯೂ ಎರಡು ಬಗೆ ತೋರಿಸಿದ. ಹಾಲಿನಂಥ ಬಿಳಿ, ತುಪ್ಪದಂಥ ಹಳದಿ. ಬಿಳಿ ಬೆಳಕು ಹಾಳೆಯ ಮೇಲೆ ಬಿದ್ದರೆ ಅತ್ತೆಯ ಕಣ್ಣಿಗೆ ಚುಚ್ಚುತ್ತದೆಂದು ನೆನಪಾಗಿ ಹಳದಿಯದಕ್ಕೆ ಬೆರಳು ತೋರಿಸಿದೆ. ಈ ಇಡೀ ವ್ಯವಹಾರದಲ್ಲಿ ನಾನು ಬುದ್ಧಿ ಉಪಯೋಗಿಸಿದ್ದು ಅದೊಂದೇ ಸಲ, ಆದ್ದರಿಂದ ಇಲ್ಲಿ ದಾಖಲಿಸಿದ್ದೇನೆ.

"ನಿಮ್ಮಂಥಾ ಗಿರಾಕಿ ನಂಗ ಸಿಕ್ಕೇ ಇಲ್ಲ ನೋಡ್ರಿ," ಎಂದ ಸಲಾವುದ್ದೀನ. "ಬ್ಯಾರೇದವರು ನಡುವ ಬಾಯಿ ಹಾಕ್ತಾರ. ನೀವು ಮೌಲಾನಾರ ಬಯಾನ್ ಕೇಳಿದಂಗ ಕೇಳಾಕತ್ತೀರಿ. ಬರ್ರಿ, ನಿಮಗ ಒಂದು ಖಾಸ್ ಚೀಜ್ ತೋರಿಸ್ತೇನಿ."

ಅಂಗಡಿಯ ಹಿಂಬದಿಯ ಕತ್ತಲು ಕೋಣೆಗೆ ಕರೆದೊಯ್ದ. ಬಾಗಿಲಲ್ಲಿ ನನ್ನನ್ನು ನಿಲ್ಲಿಸಿ, "ಒಳಗ ಕಾಲಿಡ್ರಿ," ಎಂದ. ಇಟ್ಟೆ. ಕೋಣೆ ಬೆಳಗಿತು! ಸ್ವಿಚ್ಚಿಲ್ಲ, ಕೈಯಿಲ್ಲ, ಮಾತಿಲ್ಲ. ಹೊರಗೆ ಬಂದು ಕಾದೆ, ಆರಿತು. ಮತ್ತೆ ಕಾಲಿಟ್ಟೆ, ಮತ್ತೆ ಬೆಳಗಿತು.

ನನ್ನ ಕಣ್ಣಲ್ಲಿ ನೀರು ಬಂತು. ತಪ್ಪು ನನ್ನದಲ್ಲ, ನನ್ನನ್ನು ಬೆಳೆಸಿದ ಪದ್ಯಗಳದ್ದು. ಅವುಗಳಲ್ಲಿ ದೀಪ ಎಂದರೆ ಬರೀ ದೀಪವಾಗಿ ಎಂದೂ ಇದ್ದದ್ದಿಲ್ಲ. ಅದು ಅರಿವು, ಅದು ಗುರು, ಅದು ಮನೆಯೊಡೆಯ ಮನೆಯೊಳಗಿದ್ದಾನೆಂಬ ಗುರುತು. ವೈರಿನ ಸುರುಳಿಗಳು ಮತ್ತು ಕೆಟ್ಟ ಫ್ಯಾನುಗಳ ನಡುವೆ ನಿಂತು ನಾನು ಅಂದುಕೊಂಡೆ: ಭಕ್ತ ಬಂದನೆಂದು ತಿಳಿದು ತಾನೇ ಬೆಳಗುವ ದೀಪ! ಮಂಟಪಕ್ಕೆ ಇದಲ್ಲದೆ ಇನ್ನೇನು ಬೇಕು?

ಸಲಾವುದ್ದೀನ ಹೇಳುತ್ತಲೇ ಇದ್ದ. ಮನುಷ್ಯನ ಮೈಬಿಸಿ ಸರಿದಾಡಿದರೆ ಅದಕ್ಕೆ ತಿಳಿಯುತ್ತದೆ. ಯಾರೂ ಸರಿದಾಡದಿದ್ದರೆ ಆರಿ ಬ್ಯಾಟರಿ ಉಳಿಸುತ್ತದೆ. ಕರೆಂಟ್ ಇರಲಿ, ಹೋಗಲಿ, ಎರಡಕ್ಕೂ ನಡೆಯುತ್ತದೆ. ಜನ ಹೆಚ್ಚಾಗಿ ಮೆಟ್ಟಿಲಿಗೆ ಮತ್ತು ಸಂಡಾಸಿಗೆ ಒಯ್ಯುತ್ತಾರೆ. ಮುಂದೆ ಇನ್ನೂ ಏನೇನೋ ಹೇಳಿದ. ನಾನು ಅಲುಗದೆ ನಿಂತು ಕೇಳಿದೆ. ಎಷ್ಟು ಚೆನ್ನಾಗಿ ಕೇಳಿದೆನೆಂದರೆ, ನಡುವೆ ಒಮ್ಮೆ ದೀಪ ಆರಿಹೋಯಿತು. ಸಲಾವುದ್ದೀನ ಮಾತಿನ ಭರದಲ್ಲಿ ಕೈ ಬೀಸಿದ, ಮತ್ತೆ ಹತ್ತಿತು. ಅದನ್ನು ನೋಡಿಯೂ ನನಗೆ ಏನೂ ಹೊಳೆಯಲಿಲ್ಲ.

"ಮಂದಿ ಸರಿದಾಡೋ ಜಾಗ ಹೌದಲ್ರಿ ಅಣ್ಣಾ?" ಕೊನೆಗೆ ಕೇಳಿದ.

ಶ್ರಾವಣದಲ್ಲಿ ಮಂಟಪ ತುಂಬುವ ಮಂದಿಯನ್ನು ನೆನೆದು ಗೋಣು ಹಾಕಿದೆ. ಆ ಮಂದಿ ಅಲ್ಲಿ ಮಾಡದೇ ಇರುವ ಕೆಲಸ ಸರಿದಾಡುವುದೊಂದೇ ಎಂಬುದು ತಲೆಗೆ ಬರಲಿಲ್ಲ. ಎಂದಿನಿಂದಲೋ ಇರುವ ಕಟ್ಟಳೆ, ಇದೆ ಎಂಬುದೇ ಮರೆತುಹೋಗಿರುತ್ತದೆ. ಅಂಗಡಿಗೆ ಬಂದವನು ನಾನು ದೀಪ ಕೊಳ್ಳಲು, ಕೊಂಡದ್ದು ಒಂದು ಉಪಮೆಯನ್ನು.

ಸೋಮವಾರ ಮಧ್ಯಾಹ್ನ ಸಲಾವುದ್ದೀನ ಬೈಕಿನ ಮೇಲೆ ಡ್ರಿಲ್ಲು, ವೈರು ಕಟ್ಟಿಕೊಂಡು ಮಟಕಿಗೆ ಬಂದ. ನಿಚ್ಚಣಿಕೆ ನಮ್ಮ ಗಿರಣಿಯದು. ಅತ್ತೆ ಬಾಗಿಲ ಹತ್ತಿರ ಕಂಬಕ್ಕೊರಗಿ ಕಾವಲು ಕೂತಳು.

"ಏ ಸಲಾವುದ್ದೀನಾ, ನಮ್ಮಪ್ಪ ಕೆತ್ತಿಸಿದ ಕಂಬ ಇವು. ಕಂಬಕ್ಕ ತೂತ ಹಾಕಿದ್ರ ನಿನ್ನ ಕಿವಿಗಿ ತೂತ ಹಾಕ್ತೇನಿ ನೋಡು."

"ಅಮ್ಮಾ, ಮ್ಯಾಲಿನ ಮಾಲಿಕ್ ನಂಗ ಮೊದಲೇ ಎರಡ ತೂತ ಹಾಕ್ಯಾನ. ನಿಮ್ಮ ಕಂಬಕ್ಕ ಕೈ ಹಚ್ಚಂಗಿಲ್ಲ, ತೊಲಿಗಿ ಬಿಗೀತೇನಿ."

ಹಳೆಯ ಟ್ಯೂಬ್‌ಲೈಟುಗಳನ್ನು ಇಳಿಸಿ, ಅವುಗಳ ಜಾಗದಲ್ಲಿ ಹೊಸವನ್ನು ಬಿಗಿದ. ಒಂದು ವ್ಯಾಸಪೀಠದ ಮೇಲೆ, ಒಂದು ಗಂಡಸರು ಕೂರುವ ಕಡೆ, ಒಂದು ಹೆಂಗಸರ ಕಡೆ. ಮೂರಕ್ಕೂ ಒಂದೇ ಸೆನ್ಸರ್ ಸಾಕೆಂದು ಅದನ್ನು ನಡುವಿನ ತೊಲೆಗೆ ಕೂರಿಸಿದ. ಅದರ ಕಣ್ಣು ನೇರವಾಗಿ ನೋಡುತ್ತಿದ್ದದ್ದು ನಾನು ದಿನವೂ ಕೂರುವ ಜಾಗವನ್ನು. ಅದೂ ಒಂದು ಪುಣ್ಯ ಎಂದುಕೊಂಡೆ.

ಮೇನ್ ಸ್ವಿಚ್ ಆರಿಸಿ, ಕಿಟಕಿ ಮುಚ್ಚಿ ಪರೀಕ್ಷೆ ಮಾಡಿದೆವು. ನಾನು ನಡೆದೆ, ಹತ್ತಿತು. ಸುದ್ದಿ ಹಬ್ಬಿ ಓಣಿಯವರೆಲ್ಲ ಬಂದು ನಡೆದರು. ಹೆಂಗಸರು ಸೆರಗು ಸರಿಮಾಡಿಕೊಂಡು ನಡೆದರು. ಶಾಂತಲಿಂಗಪ್ಪ ಸಾವುಕಾರರು ಕೈ ಹಿಂದೆ ಕಟ್ಟಿಕೊಂಡು, ದೀಪ ತಮ್ಮನ್ನು ಗುರುತಿಸುತ್ತದೋ ಇಲ್ಲವೋ ಎಂಬ ಸಣ್ಣ ಅಳುಕಿನಿಂದ ಒಳಗೆ ಬಂದರು. ಹತ್ತಿದಾಗ ಅವರ ಮುಖವೂ ಹತ್ತಿತು.

"ನಂಗೂ ಹತ್ತಿತಲ್ಲೋ!"

"ಎಮ್ಮಿ ಬಂದ್ರೂ ಹತ್ತತದ್ರಿ ಸಾವ್ಕಾರ್ರ," ಎಂದಳು ಭಾಗ್ಯಜ್ಯೋತಿ.

ಹೀಗೆ ಊರೆಲ್ಲ ನಡೆದು ನೋಡಿತು. ಒಬ್ಬರೂ ಕೂತು ನೋಡಲಿಲ್ಲ.

ಸಂಜೆ ಪುರಾಣಕ್ಕೆ ಹೊತ್ತಾಯಿತು. ಸಾವುಕಾರರು ತಮ್ಮ ಜಾಗದಲ್ಲಿ ಕೂತರು, ಪಕ್ಕದಲ್ಲಿ ಒಂದು ಬಟ್ಟೆಯ ಚೀಲ. ಅದರೊಳಗೆ ಏನಿದೆಯೆಂದು ಯಾರೂ ಕೇಳಲಿಲ್ಲ, ಚೌಕಾಕಾರವೇ ಹೇಳುತ್ತಿತ್ತು. ಅತ್ತೆ ಚೀಲದ ಕಡೆ ಒಮ್ಮೆ ಮುಖ ತಿರುಗಿಸಿ, ಕನ್ನಡಕ ಒರೆಸಿಕೊಂಡು ಪುಸ್ತಕ ಬಿಚ್ಚಿದಳು.

ಮೊದಲ ಪದ್ಯ ಶುರುವಾಗುವ ಮೊದಲೇ ಕರೆಂಟ್ ಹೋಯಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ದೀಪಗಳು ಬ್ಯಾಟರಿಯ ಮೇಲೆ ಮತ್ತೆ ತುಪ್ಪದ ಬಣ್ಣದಲ್ಲಿ ಹತ್ತಿದವು. ಇಡೀ ಮಂಟಪ "ಹರಹರ" ಎಂದಿತು. ಅತ್ತೆ ತಲೆಯೆತ್ತಿ ದೀಪ ನೋಡಿದಳು, ಹಾಳೆ ನೋಡಿದಳು, ಏನೂ ಅನ್ನದೆ ಓದತೊಡಗಿದಳು. ಅವಳು ಏನೂ ಅನ್ನದಿರುವುದು ದೊಡ್ಡ ಹೊಗಳಿಕೆ. ನಾನು ಬೆನ್ನು ನೆಟ್ಟಗೆ ಮಾಡಿ, ಕಣ್ಣು ಅರೆಮುಚ್ಚಿ ಕಲ್ಲಾದೆ. ಎಲ್ಲರೂ ಕಲ್ಲಾದರು. ದೀಪದ ಸಂತೋಷಕ್ಕೋ ಏನೋ, ಅಂದು ನಾವು ಎಂದಿಗಿಂತ ಚೆನ್ನಾಗಿ ಕಲ್ಲಾದೆವು.

ಪದ್ಯದ ಮೂರನೆಯ ಸಾಲಿನಲ್ಲಿ ದೀಪ ಆರಿತು.

ಅತ್ತೆ ನಿಲ್ಲಿಸಲಿಲ್ಲ. ನಿಲ್ಲಿಸುವಂತಿರಲಿಲ್ಲ. ಬಾಯಲ್ಲಿದ್ದ ಪದದ ಕೊನೆಯ ಅಕ್ಷರವನ್ನೇ ಹಿಡಿದು ರಾಗ ಎಳೆದಳು. ರಾಗ ಮೇಲೇರಿತು, ಅಲ್ಲಿ ಸುತ್ತು ಹಾಕಿತು, ಮೆಲ್ಲಗೆ ಇಳಿಯಿತು. ದೀಪ ಬರುವ ತನಕ ಕಾಯಲು ಅವಳಿಗಿದ್ದ ಉಪಾಯ ಅದೊಂದೇ. ಆದರೆ ಆ ರಾಗ ಎಷ್ಟು ಚೆಂದವಾಗಿ ಬಂತೆಂದರೆ, ಇದ್ದ ಬಿದ್ದ ಅಲುಗಾಟವೂ ನಿಂತುಹೋಯಿತು. ಯಾರೋ ಕೆಮ್ಮಿದರು. ಸೆನ್ಸರಿಗೆ ಕೆಮ್ಮಿನ ಪರಿವೆ ಇಲ್ಲ. ಅವಳ ಉಸಿರು ಸಣ್ಣಗಾಗುತ್ತಿರುವುದು ಕೇಳಿಸುತ್ತಿತ್ತು. ಕತ್ತಲಲ್ಲಿ ಸಾವುಕಾರರ ಚೀಲದ ಜಿಪ್ಪು ಸರ್ರೆಂದಿತು.

ನನಗೆ ಆಗ ಹೊಳೆಯಿತು. ಇಡೀ ಭೂಮಿಯ ಮೇಲೆ ಅಲುಗದ ಜನರನ್ನು ಹುಡುಕಿ, ಅವರ ತಲೆಯ ಮೇಲೆ, ಅಲುಗಿದರೆ ಮಾತ್ರ ಉರಿಯುವ ದೀಪ ಕಟ್ಟಿದ ಒಬ್ಬನೇ ಒಬ್ಬ ಮನುಷ್ಯ ನಾನು. ಕೈ ಎತ್ತಬೇಕು, ಅಷ್ಟೇ. ಬಲಗೈಗೆ ಹೇಳಿದೆ, ಏಳು ಎಂದು. ಅದು ಏಳಲಿಲ್ಲ. ಹಲ್ಲಿ ಬಿದ್ದಾಗ ಏಳದ ಕೈ, ಪದ್ಯದ ನಡುವೆ ಏಳುತ್ತದೆಯೇ? ಎಡಗೈಗೆ ಹೇಳಿದೆ. ಅದು ಬಲಗೈಯನ್ನು ನೋಡಿ ಕಲಿತದ್ದು.

"ರೀ! ಕೈ ಎತ್ತರಿ!"

ಹೆಂಗಸರ ಕಡೆಯಿಂದ ಭಾಗ್ಯಜ್ಯೋತಿಯ ಕೂಗು. ಪದ್ಯದ ನಡುವೆ ಆ ಮಂಟಪದಲ್ಲಿ ಕೂಗಿದವರು ಅವಳಿಗಿಂತ ಮೊದಲು ಯಾರೂ ಇಲ್ಲ. ನಾನು ಹೆದರಿ ಒಂದು ಬೆರಳು ಎತ್ತಿದೆ. ಕತ್ತಲು. "ಕೈ ಅಂದೆ, ಬೆರಳಲ್ಲ!" ಕೈ ಎತ್ತಿದೆ.

ಬೆಳಕಾಯಿತು. ಮಂಟಪದ ನಡುವೆ, ಮೂತ್ರಕ್ಕೆ ಬಿಡಿ ಗುರುಗಳೇ ಎಂದು ಕೇಳುವ ಶಾಲೆಯ ಹುಡುಗನಂತೆ ಕೈ ಎತ್ತಿ ಕೂತ ನನ್ನನ್ನು ಎಲ್ಲರೂ ನೋಡಿದರು. ಅತ್ತೆ ರಾಗದಿಂದ ಇಳಿದು ಸಾಲಿಗೆ ಬಂದಳು. ನಾನು ಕೈ ಇಳಿಸಿ ಮತ್ತೆ ಕಲ್ಲಾದೆ, ಅಭ್ಯಾಸ. ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲು, ಮತ್ತೆ ರಾಗ, ಮತ್ತೆ ಕೈ. ಮೂರನೆಯ ಸಲಕ್ಕೆ ಮಾನ ಎಂಬುದು ಉಳಿದಿಲ್ಲವೆಂದು ಖಾತ್ರಿಯಾಗಿ, ಹೆಗಲ ಮೇಲಿನ ಬಿಳಿ ಟವೆಲ್ ತೆಗೆದು ಬೀಸತೊಡಗಿದೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಹುಗ್ಗಿಯ ಪಾತ್ರೆಯಿಂದ ನೊಣ ಓಡಿಸುವವರ ಹಾಗೆ. ಹಿಂದೆ ಯಾರೋ ಕಿಸಕ್ಕೆಂದರು. ಅದು ಇನ್ನೊಬ್ಬರಿಗೆ ಹತ್ತಿತು. ನಗು ತಡೆದ ಭುಜಗಳು ಅಲುಗಿದ್ದರಿಂದ ದೀಪಕ್ಕೆ ಇನ್ನಷ್ಟು ಬಲ ಬಂತು.

ಪದ್ಯದ ಮೇಲೆ ಪದ್ಯ ಹೋಯಿತು. ಆ ಸಂಜೆಯ ಭಾಗವೆಲ್ಲ ಮುಗಿಯಿತು. ಎಲ್ಲಿಯೂ ನಿಲ್ಲಲಿಲ್ಲ. ನಾನು ಮಾತ್ರ ಅದರಲ್ಲಿ ಒಂದು ಅಕ್ಷರವನ್ನೂ ಕೇಳಲಿಲ್ಲ. ಬೀಸುವವನಿಗೆ ಬೀಸುವುದೊಂದೇ ತಿಳಿಯುತ್ತದೆ.

"ಇದು ಪುರಾಣ ಆತೋ, ಬಯಲಾಟ ಆತೋ?" ಎಂದರು ಸಾವುಕಾರರು, ಎಲ್ಲರೂ ಏಳುವಾಗ.

"ಏನರೆ ಅನ್ರಿ. ಅರ್ಧಕ್ಕ ನಿಂತಿಲ್ಲಲ್ರಿ," ಎಂದಳು ಭಾಗ್ಯಜ್ಯೋತಿ.

ಸಾವುಕಾರರು ಮಾತಿಗೆ ತಪ್ಪುವವರಲ್ಲ. ಚೀಲದ ಜಿಪ್ಪು ಎಳೆದು, "ಇನ್ನ ಶ್ರಾವಣ ಮುಗದಿಲ್ಲ. ಎಂದ ನಿಲ್ತದೋ ಅಂದ ತರ್ತೇನಿ," ಎಂದು ಹೊತ್ತುಕೊಂಡು ಹೋದರು. ಅತ್ತೆ ಪುಸ್ತಕ ಸುತ್ತಿ, ನನ್ನ ಕಡೆ ನೋಡದೆ ಮನೆಗೆ ಹೋದಳು. ಅವಳ ಎದುರು, ಪದ್ಯದ ನಡುವೆ, ಟವೆಲ್ ಬೀಸಿದ್ದೇನೆ. ಬಯ್ಗುಳ ನಾಳೆಗೆ ಇಟ್ಟುಕೊಂಡಿದ್ದಾಳೆ ಎಂದುಕೊಂಡೆ.

ಬೆಳಿಗ್ಗೆ ಎದ್ದವನೇ ಸಲಾವುದ್ದೀನನಿಗೆ ಫೋನ್ ಮಾಡಿದೆ. ಅವನು ಯಾರದೋ ಹೊಸ ಮನೆಯ ವೈರಿಂಗಿಗೆಂದು ಅಫಜಲಪುರದ ದಾರಿಯಲ್ಲಿದ್ದ.

"ಅಯ್ಯ ಅಣ್ಣಾ, ಇಷ್ಟಕ್ಕ ಯಾಕ ಫಿಕರ್ ಮಾಡ್ತೀರಿ? ಸೆನ್ಸರಿನ ಕೆಳಗ ಒಂದು ಸಣ್ಣ ಸ್ಕ್ರೂ ಅದ. ಅದನ್ನ ಬಲಕ್ಕ ಪೂರಾ ತಿರುವಿಬಿಡ್ರಿ. ಆಮ್ಯಾಲ ಯಾರು ಅಲುಗಲಿ ಬಿಡ್ಲಿ, ಹತ್ತಿಕೊಂಡೇ ಇರ್ತದ. ಒಂದಿಷ್ಟು ಬ್ಯಾಟರಿ ಜಾಸ್ತಿ ತಿಂತದ, ಆದ್ರೂ ಇದರ ಬ್ಯಾಟರಿ ದೊಡ್ಡದು, ನಿಮ್ಮ ಪುರಾಣದಷ್ಟು ತಾಳ್ತದ. ಅಂಗಡ್ಯಾಗೇ ಹೇಳಿದ್ನಲ್ರಿ ನಿಮಗ?"

"ಹೇಳಿದ್ಯಾ?"

"ಎರಡ ಸಲ ಹೇಳಿದೆ! ನೀವು ಅಷ್ಟ ಚೆಂದ ಕೇಳಾಕತ್ತಿದ್ರಿ ಅಂತ, ಎರಡನೇ ಸಲ ಸುಮ್ನ ಖುಷಿಗಿ ಹೇಳಿದೆ."

ಫೋನ್ ಇಟ್ಟೆ. ಪಕ್ಕದಲ್ಲಿ ರೊಟ್ಟಿ ಬಡಿಯುತ್ತಿದ್ದ ಭಾಗ್ಯಜ್ಯೋತಿಗೆ ಎಲ್ಲವೂ ಕೇಳಿಸಿತ್ತು. ಅವಳು ರೊಟ್ಟಿಯನ್ನು ಬೇಕಾದುದಕ್ಕಿಂತ ಜೋರಾಗಿ ಬಡಿದಳು.

ಸ್ಕ್ರೂಡ್ರೈವರ್ ಕಿಸೆಯಲ್ಲಿಟ್ಟುಕೊಂಡು, ನಿಚ್ಚಣಿಕೆ ಹೊತ್ತು ಮಂಟಪಕ್ಕೆ ಹೋದೆ. ತೊಲೆಗೆ ಆನಿಸಿ ಹತ್ತಿದೆ. ನಮ್ಮ ಮಂಟಪದ ನೆಲ ಕಲ್ಲಿನದು, ಸವೆದು ನುಣುಪಾಗಿದೆ. ಅರ್ಧ ಹತ್ತುವುದರೊಳಗೆ ನಿಚ್ಚಣಿಕೆಯ ಕಾಲು ಜಾರತೊಡಗಿತು. ತೊಲೆಯನ್ನು ತಬ್ಬಿಕೊಂಡೆ. ಸ್ಕ್ರೂ ಇನ್ನೊಂದು ಗೇಣು ಮೇಲಿತ್ತು. ಮೇಲೆ ಹೋಗುವಂತಿಲ್ಲ, ಕೈ ಬಿಡುವಂತಿಲ್ಲ. ನನ್ನ ಒದ್ದಾಟ ಕಂಡು ಆ ಹಾಳು ದೀಪ ಹಗಲಲ್ಲೇ ಹತ್ತಿಕೊಂಡಿತು.

ವ್ಯಾಸಪೀಠ ಒರೆಸಲೆಂದು ಅತ್ತೆ ಒಳಗೆ ಬಂದಳು.

"ಯಾರಲೇ ಅದು ತೊಲಿಗಿ ಜೋತು ಬಿದ್ದವ?"

"ನಾನತ್ತಿ. ಶಿವಪ್ರಕಾಶ."

"ಏನ್ ಮಾಡಾಕತ್ತಿ?"

ಸ್ಕ್ರೂವಿನ ವಿಷಯ ಹೇಳಿದೆ. ತಿರುವಿದರೆ ಮುಗಿಯಿತು, ಇವತ್ತಿನಿಂದ ಯಾರೂ ಅಲುಗಬೇಕಿಲ್ಲ, ನಾನೂ ಮೊದಲಿನ ಹಾಗೆ ಕೂತು ಕೇಳುತ್ತೇನೆ ಎಂದೆ. ನಿನ್ನೆ ಮಾಡಿದ್ದಕ್ಕೆ ತಪ್ಪಾಯಿತೆಂದೂ ಹೇಳಿದೆ. ಒಂದೇ ಉಸಿರಿಗೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ತೊಲೆ ತಬ್ಬಿದವನಿಗೆ ಮಾತು ತಾನಾಗಿಯೇ ಬರುತ್ತದೆ.

ಅತ್ತೆ ಚಾಪೆಯ ಮೇಲೆ ಕೂತಳು. ವ್ಯಾಸಪೀಠವನ್ನು ಸೆರಗಿನಿಂದ ಒರೆಸಿದಳು.

"ಬಿಳೀದು ಬೀಸಿದವ ನೀನೇನು?"

"ಹೌದತ್ತಿ. ಟವೆಲ್."

"ನಂಗ ಈ ಪುಸ್ತಕದ ಆಚಿ ಏನೂ ಕಾಣಂಗಿಲ್ಲಲೇ. ಎಲ್ಲಾ ಹೊಗಿ. ನೀವು ಹರಹರ ಅಂದಾಗ ಮಂದಿ ಅದ ಅಂತ ತಿಳೀತದ. ನಡುವ ಎದ್ದು ಹೋದ್ರೋ, ಕುಂತಾರೋ, ಮಲಗ್ಯಾರೋ, ಯಾರಿಗಿ ಗೊತ್ತು? ಎಷ್ಟ ವರ್ಷ ಆತು, ಗ್ವಾಡಿಗಿ ಓದಿದಂಗ ಓದೇನಿ ನಾ."

"ನಾ ದಿನಾ ಇಲ್ಲೇ ಕುಂತೇನಲ್ಲ ಅತ್ತಿ. ಒಂದ ದಿನಾನೂ ತಪ್ಪಿಸಿಲ್ಲ. ಅಲುಗಿಲ್ಲ."

"ಕಂಬಾನೂ ಅಲುಗಿಲ್ಲ."

ಜೀವಮಾನದ ತಪಸ್ಸೆಂದು ತಿಳಿದದ್ದನ್ನು ಅವಳು ಕಂಬದ ಸಾಲಿಗೆ ಸೇರಿಸಿಬಿಟ್ಟಿದ್ದಳು. ಕೈ ಬೆವರಿ ತೊಲೆ ಜಾರುತ್ತಿತ್ತು.

"ನಿನ್ನೆ ಯಾರೋ ಎದುರಿಗಿ ಅದಾರ ಅಂತ ಆತು," ಎಂದಳು ಅತ್ತೆ, ವ್ಯಾಸಪೀಠದ ಕಾಲು ಒರೆಸುತ್ತ. "ಓದಾಕ ಹುರುಪ ಬಂತು."

"ಅತ್ತಿ, ನಾ ನಿನ್ನೆ ಒಂದ ಅಕ್ಷರಾನೂ ಕೇಳಿಲ್ಲ. ಬೀಸೋದ್ರಾಗೇ ಹೋತು."

"ಇಷ್ಟ ವರ್ಷ ಕೇಳಿದ್ಯಲ್ಲ, ಸಾಕು. ಸಾಲದಿದ್ರ ಮುಂಜಾನಿ ಮನಿಗಿ ಬಾ, ಓದ್ತೇನಿ."

"ನನ್ನ ಕೈ ಸೋತ್ರ? ಪದ್ಯ ಅರ್ಧಕ್ಕ ನಿಂತ್ರ? ಸಾವ್ಕಾರ್ರು ಚೀಲ ತುಂಬಿಟ್ಟುಕೊಂಡೇ ಕುಂತಾರ. ಸುಮ್ನ ಒಂದ ಸ್ಕ್ರೂ ತಿರುವಿದ್ರ ನಿನ್ನ ಜಾಗ ಗಟ್ಟಿ ಆಗ್ತದ. ನನ್ನ ಕೈ ನಂಬ್ಕೊಂಡು ಕುಂಡ್ರತೀಯೇನು?"

ಅತ್ತೆ ಎದ್ದಳು. ನಿಚ್ಚಣಿಕೆಯ ಬುಡಕ್ಕೆ ಬಂದು, ಕತ್ತೆತ್ತಿ, ಹೊಗೆಯೊಳಗಿನ ನನ್ನನ್ನು ಹುಡುಕಿದಳು. ನಾನು ಆಸೆಯಿಂದ, ಒಂದೇ ಕೈಯಲ್ಲಿ ತೊಲೆ ತಬ್ಬಿ, ಸ್ಕ್ರೂಡ್ರೈವರ್ ಹೊರಗೆ ತೆಗೆದೆ.

"ಅತ್ತಿ, ಕಾಲು ಜಾರಾಕತ್ತದ. ಒಂದ ಚಣ ನಿಚ್ಚಣಿಕಿ ಹಿಡಿ. ತಿರುವಿ ಇಳದಬಿಡ್ತೇನಿ."

"ಹಿಡಿಯಂಗಿಲ್ಲ," ಎಂದಳು ಅತ್ತೆ.